ಓವನ್ ಬಾಗಿಲಿನ ಮೂರು ಸ್ವಿಚ್ಚು, ಬಾರದೆ ಉಳಿದ ಕೈಪಿಡಿ

ಮೈಕ್ರೋವೇವ್ ಓವನ್ನಿನ ಬಾಗಿಲ ಸ್ವಿಚ್ಚು ಕೆಟ್ಟರೆ ಹೊಸದನ್ನು ಹಾಕುತ್ತಾರೆ. ಕೆಲವು ತಿಂಗಳು ನಡೆಯುತ್ತದೆ. ಆಮೇಲೆ ಒಂದು ದಿನ ಬಾಗಿಲು ತೆಗೆಯುವಾಗ ಒಳಗೆ ಟಪ್ ಎಂದು ಸದ್ದಾಗಿ ಓವನ್ ಪೂರ್ತಿ ನಿಂತುಹೋಗುತ್ತದೆ. ಬಿಚ್ಚಿ ನೋಡಿದರೆ ಫ್ಯೂಸ್ ಹೋಗಿರುತ್ತದೆ. ಹೊಸ ಫ್ಯೂಸ್ ಹಾಕಿದರೆ ಇನ್ನೊಂದಿಷ್ಟು ದಿನ, ಮತ್ತೆ ಅದೇ ಕಥೆ. ಇದಕ್ಕೆ ರಿಪೇರಿ ಅಂಗಡಿಗಳಲ್ಲಿ ಸಿದ್ಧವಾಗಿರುವ ಉತ್ತರವೆಂದರೆ ‘ಸಾಮಾನು ಡೂಪ್ಲಿಕೇಟು’ ಎನ್ನುವುದು. ಆ ಉತ್ತರದಲ್ಲಿ ನಿಜವಿಲ್ಲ ಎನ್ನಲಾರೆ. ಆದರೆ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ಮರಳಿ ಮರಳಿ ಬರುವ ದೋಷಕ್ಕೆ ಸಾಮಾನಿನ ಗುಣಮಟ್ಟವೊಂದೇ ಕಾರಣವಾಗಲಾರದು. ಈ ದೋಷದ ಬೇರು ಎರಡು ಇತಿಹಾಸಗಳು ಕೂಡುವ ಕಡೆ ಇದೆ ಎಂಬುದು ನನ್ನ ವಾದ. ಒಂದು, ಓವನ್ನಿನ ಬಾಗಿಲಿಗೆ ಮೂರು ಸ್ವಿಚ್ಚು ಬಂದ ಇತಿಹಾಸ. ಇನ್ನೊಂದು, ನಮ್ಮ ಜಿಲ್ಲಾ, ತಾಲ್ಲೂಕು ಪಟ್ಟಣಗಳಲ್ಲಿ ರಿಪೇರಿ ಎಂಬ ಕಸುಬು ರೂಪುಗೊಂಡ ಇತಿಹಾಸ. ಮೊದಲನೆಯದು ಸ್ವಿಚ್ಚುಗಳನ್ನೂ ಅವುಗಳನ್ನು ಹೇಗೆ ನೋಡಿಕೊಳ್ಳಬೇಕೆಂಬ ಕೈಪಿಡಿಯನ್ನೂ ಜೊತೆಜೊತೆಯಾಗಿ ಕೇಳಿತ್ತು. ಎರಡನೆಯದರ ಕೈಗೆ ಸಿಕ್ಕಿದ್ದು ಸ್ವಿಚ್ಚು ಮಾತ್ರ.

ಬಾಗಿಲಿನ ಕಾನೂನು ಹುಟ್ಟಿದ್ದು ಓವನ್ನಿನಿಂದಲ್ಲ, ಟಿವಿಯಿಂದ. ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ 1945ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು, ಅವರ ಜೇಬಿನ ಸಿಹಿತಿಂಡಿ ಕರಗಿತೆಂಬ ಕಥೆ, ಎಲ್ಲವೂ ಹಲವು ಸಲ ಬರೆಯಲ್ಪಟ್ಟಿವೆ. 1947ರ ಮೊದಲ ಓವನ್ನುಗಳು ಹೋಟೆಲು, ಹಡಗುಗಳ ಅಡುಗೆಮನೆಗೆ ಹೋದ ಆಳೆತ್ತರದ ಯಂತ್ರಗಳು. 1967ರಲ್ಲಿ ಅಮಾನಾ ಕಂಪನಿ 495 ಡಾಲರಿಗೆ ಮೇಜಿನ ಮೇಲಿಡುವ ಓವನ್ ತಂದಾಗಲೇ ಅದು ಮನೆಯ ವಸ್ತುವಾಗತೊಡಗಿದ್ದು. ಅದೇ 1967ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಲವು ಬಣ್ಣದ ಟಿವಿಗಳಿಂದ ಎಕ್ಸ್-ರೇ ಸೋರುತ್ತಿದೆ ಎಂಬ ಗಲಾಟೆ ಎದ್ದಿತು. ಅದರ ಫಲವಾಗಿ 1968ರ ಅಕ್ಟೋಬರಿನಲ್ಲಿ ವಿದ್ಯುನ್ಮಾನ ಉಪಕರಣಗಳ ವಿಕಿರಣವನ್ನು ಹತೋಟಿಯಲ್ಲಿಡುವ ಕಾನೂನು ಬಂತು, ಓವನ್ನೂ ಅದರೊಳಗೆ ಸೇರಿತು. 1971ರ ಅಕ್ಟೋಬರ್ 6ರ ಅನಂತರ ತಯಾರಾದ ಓವನ್ನುಗಳಿಗೆ ಅನ್ವಯಿಸಿದ ನಿಯಮದ ಪ್ರಕಾರ, ಹೊರಮೈಯಿಂದ 5 ಸೆಂಟಿಮೀಟರು ದೂರದಲ್ಲಿ ಸೋರಿಕೆ ಮಾರಾಟಕ್ಕೆ ಮುಂಚೆ ಚದರ ಸೆಂಟಿಮೀಟರಿಗೆ 1 ಮಿಲಿವ್ಯಾಟ್, ಓವನ್ನಿನ ಆಯುಷ್ಯದುದ್ದಕ್ಕೂ 5 ಮಿಲಿವ್ಯಾಟ್ ಮೀರಕೂಡದು. ಬಾಗಿಲಿಗೆ ಕನಿಷ್ಠ ಎರಡು ಇಂಟರ್‌ಲಾಕ್, ಅಂದರೆ ಬಾಗಿಲು ತೆರೆದೊಡನೆ ಓವನ್ನನ್ನು ನಿಲ್ಲಿಸುವ ಏರ್ಪಾಟು, ಬೇಕು. ಅವುಗಳಲ್ಲಿ ಒಂದಾದರೂ ಕೈಬೆರಳಿಗಾಗಲಿ, 10 ಸೆಂಟಿಮೀಟರು ಉದ್ದದ ನೇರ ಕಡ್ಡಿಗಾಗಲಿ ಸಿಗದಂತೆ ಒಳಗೆ ಅಡಗಿರಬೇಕು. ಇಂಟರ್‌ಲಾಕ್ ತನ್ನ ಕೆಲಸದಲ್ಲಿ ತಪ್ಪಿದರೆ ಅದನ್ನು ಪತ್ತೆಹಚ್ಚಿ, ರಿಪೇರಿಯಾಗುವ ತನಕ ಓವನ್ ನಡೆಯದಂತೆ ಮಾಡುವ ಏರ್ಪಾಟು ಇನ್ನೊಂದಿರಬೇಕು. ಭಾರತೀಯ ಮಾನಕ ಬ್ಯೂರೋದ ಐಎಸ್ 302 ಸರಣಿಯಲ್ಲಿ ಓವನ್ನಿಗೆ ಮೀಸಲಾದ ಭಾಗ ಅಂತರರಾಷ್ಟ್ರೀಯ ಮಾನಕದ ದಾರಿಯಲ್ಲೇ ನಡೆದಿದೆ. ಅಲ್ಲಿಯ ಸೋರಿಕೆಯ ಮಿತಿ ಚದರ ಮೀಟರಿಗೆ 50 ವ್ಯಾಟ್, ಅಂದರೆ ಅದೇ 5 ಮಿಲಿವ್ಯಾಟಿನ ಲೆಕ್ಕ.

‘ರಿಪೇರಿಯಾಗುವ ತನಕ ನಡೆಯದಂತೆ’ ಎಂಬ ಷರತ್ತಿನ ಮೇಲೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮರಳಿ ಮರಳಿ ಸುಡುವ ಫ್ಯೂಸ್ ಈ ಷರತ್ತಿನ ಕೂಸು. ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಓವನ್ನಿನಲ್ಲಿ ಬಾಗಿಲ ಕೊಕ್ಕೆಗಳ ಹಿಂದೆ ಮೂರು ಮೈಕ್ರೋಸ್ವಿಚ್ಚುಗಳಿರುತ್ತವೆ. ಮೊದಲನೆಯದು ಟ್ರಾನ್ಸ್‌ಫಾರ್ಮರಿಗೆ ಹೋಗುವ ಕರೆಂಟನ್ನೇ ಕಡಿಯುತ್ತದೆ. ಎರಡನೆಯದು ಇನ್ನೊಂದು ತಂತಿಯನ್ನೋ ರಿಲೇ ಎಂಬ ವಿದ್ಯುತ್ ಚಾಲಿತ ಸ್ವಿಚ್ಚಿಗೆ ಹೋಗುವ ಆಜ್ಞೆಯನ್ನೋ ಕಡಿಯುತ್ತದೆ. ಮೂರನೆಯದಾದ ಮಾನಿಟರ್ ಸ್ವಿಚ್ಚಿನ ನಡತೆ ತಲೆಕೆಳಗು: ಬಾಗಿಲು ಮುಚ್ಚಿದಾಗ ಅದು ಬಿಟ್ಟುಕೊಂಡಿರುತ್ತದೆ, ತೆರೆದಾಗ ಕೂಡುತ್ತದೆ, ಕೂಡಿದಾಗ ಟ್ರಾನ್ಸ್‌ಫಾರ್ಮರಿನ ಎರಡು ತುದಿಗಳನ್ನು ಶಾರ್ಟ್ ಮಾಡುತ್ತದೆ. ಮೊದಲನೆಯದು ಸರಿಯಾಗಿ ಕಡಿದಿದ್ದರೆ ಆ ಶಾರ್ಟಿನಿಂದ ಏನೂ ಆಗುವುದಿಲ್ಲ, ಅಲ್ಲಿ ಕರೆಂಟೇ ಇರುವುದಿಲ್ಲ. ಮೊದಲನೆಯದರ ಸಂಪರ್ಕಬಿಂದುಗಳು ಕರಗಿ ಅಂಟಿಕೊಂಡು, ಬಾಗಿಲು ತೆರೆದರೂ ಕರೆಂಟು ಹರಿಯುತ್ತಿದ್ದರೆ ಮಾತ್ರ ಮಾನಿಟರ್ ಸ್ವಿಚ್ಚು ಫ್ಯೂಸನ್ನು ಸುಡುತ್ತದೆ. ಅಂದರೆ ಬಾಗಿಲು ತೆಗೆದಾಗ ಫ್ಯೂಸ್ ಹೋಯಿತೆಂದರೆ ಓವನ್ ಕೆಟ್ಟಿತೆಂದಲ್ಲ, ಕೆಟ್ಟದ್ದನ್ನು ಹಿಡಿದುಕೊಟ್ಟಿತೆಂದು ಓದಬೇಕು. ಈ ಮೂರರ ಸರದಿ ಬಹಳ ಮುಖ್ಯ. ತೆರೆಯುವಾಗ ಮೊದಲ ಎರಡು ಬಿಟ್ಟ ಮೇಲೆ ಮೂರನೆಯದು ಕೂಡಬೇಕು. ಮುಚ್ಚುವಾಗ ಮೂರನೆಯದು ಬಿಟ್ಟ ಮೇಲೆ ಮೊದಲ ಎರಡು ಕೂಡಬೇಕು. ಕೂಡುವ, ಬಿಡುವ ಈ ಜಾಗಗಳ ನಡುವಿನ ಅಂತರ ಒಂದೆರಡು ಮಿಲಿಮೀಟರಿನ ಲೆಕ್ಕದ್ದು. ಕೀಲು ಸಡಿಲವಾಗಿ ಬಾಗಿಲು ಜೋತರೆ, ಕೊಕ್ಕೆ ಸವೆದರೆ, ಕೊಕ್ಕೆಯ ಸ್ಪ್ರಿಂಗು ಸೋತರೆ, ಸ್ವಿಚ್ಚುಗಳನ್ನು ಹಿಡಿದ ಪ್ಲಾಸ್ಟಿಕ್ ಹಲಗೆ ಕಾವಿಗೆ ಸೊಟ್ಟಗಾದರೆ ಸರದಿ ತಪ್ಪುತ್ತದೆ. ಆಗ ಮೂರೂ ಹೊಚ್ಚಹೊಸ ಸ್ವಿಚ್ಚುಗಳಿದ್ದರೂ ಫ್ಯೂಸ್ ಹೋಗುತ್ತದೆ.

ಇನ್ನೂ ಒಂದು ಸಂಗತಿ ಇದೆ. ಫ್ಯೂಸ್ ಸುಟ್ಟ ಆ ಕ್ಷಣದಲ್ಲಿ ಶಾರ್ಟಿನ ಕರೆಂಟು ಹಾದುಹೋದದ್ದು ಮೊದಲನೆಯ ಸ್ವಿಚ್ಚಿನ ಮೂಲಕ, ಮಾನಿಟರ್ ಸ್ವಿಚ್ಚಿನ ಮೂಲಕ, ಕೆಲವು ಮಾದರಿಗಳಲ್ಲಿ ರಿಲೇಯ ಮೂಲಕವೂ. ಆ ಹೊಡೆತ ತಿಂದ ಬಿಂದುಗಳು ಮಲ್ಟಿಮೀಟರಿನಲ್ಲಿ ಸರಿಯೆಂದೇ ತೋರಬಹುದು, ಏಕೆಂದರೆ ಮೀಟರು ಅಳೆಯುವುದು ಬಹಳ ಸಣ್ಣ ಕರೆಂಟಿನಲ್ಲಿ. ಓವನ್ ಎಳೆಯುವುದು 230 ವೋಲ್ಟಿನಲ್ಲಿ ಐದಾರು ಆಂಪಿಯರು. ಟ್ರಾನ್ಸ್‌ಫಾರ್ಮರಿಗೆ ಕರೆಂಟು ಕೊಟ್ಟ ಮೊದಲ ಕ್ಷಣದಲ್ಲಿ ಅದರ ಹಲವು ಪಟ್ಟು. ಆದ್ದರಿಂದಲೇ ತಯಾರಕರ ಸರ್ವಿಸ್ ಕೈಪಿಡಿಗಳು ಮಾನಿಟರ್ ಸ್ವಿಚ್ಚಿನಿಂದ ಫ್ಯೂಸ್ ಸುಟ್ಟಿದ್ದರೆ ಮೊದಲನೆಯ ಸ್ವಿಚ್ಚು, ಮಾನಿಟರ್ ಸ್ವಿಚ್ಚು, ರಿಲೇ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕೆಂದು ಹೇಳುತ್ತವೆ. ಒಂದನ್ನು ಬದಲಿಸಿ ಉಳಿದದ್ದನ್ನು ಬಿಟ್ಟರೆ, ಗಾಯಗೊಂಡದ್ದು ಮತ್ತೆ ಅಂಟಿಕೊಂಡು ಹೊಸದನ್ನೂ ಹಾಳುಮಾಡುತ್ತದೆ. ಅಂಗಡಿಯವರು ಡೂಪ್ಲಿಕೇಟು ಎಂದು ಬೈಯುವ ಸ್ವಿಚ್ಚುಗಳಲ್ಲಿ ಎಷ್ಟೋ ಇಂಥ ಸಹವಾಸದಿಂದ ಸತ್ತವು.

ಹಾಗಾದರೆ ಒಂದನ್ನೇ ಬದಲಿಸುವ ರೂಢಿ ಎಲ್ಲಿಂದ ಬಂತು? ಉತ್ತರಕ್ಕೆ ರೇಡಿಯೊ ಕಾಲಕ್ಕೆ ಹೋಗಬೇಕು. ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ರುದ್ರಪಟ್ಟಣ ಅದಕ್ಕೆ ತಕ್ಕ ಜಾಗ. ಆ ಊರಿನ ಬಳಿ ಹರಿದ ನೀರೇ ಮುಂದೆ ಶಿವನಸಮುದ್ರದಲ್ಲಿ ಧುಮುಕಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ವಿದ್ಯುತ್ತಾಯಿತು. ಊರಿನ ಕಂಠಗಳು ಇನ್ನೊಂದು ದಾರಿಯಲ್ಲಿ ನಾಡಿಗೆ ಹೋದವು. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆರಂಭಿಸಿದ ಆಕಾಶವಾಣಿಯ ಪರಂಪರೆ 1955ರಲ್ಲಿ ಬೆಂಗಳೂರು ನಿಲಯವಾಯಿತು. ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ಗಾಯಕ ಆರ್.ಕೆ. ಶ್ರೀಕಂಠನ್ ದಶಕಗಳ ಕಾಲ ಆಕಾಶವಾಣಿಯಲ್ಲಿ ದುಡಿದವರು. ಅವರ ಹಾಡುಗಾರಿಕೆಯನ್ನು ಹಾಸನದ, ಹೊಳೆನರಸೀಪುರದ ಮನೆಗಳಿಗೆ ಮುಟ್ಟಿಸುತ್ತಿದ್ದುದು ವಾಲ್ವ್ ರೇಡಿಯೊಗಳು. ಸಂಗೀತದ ಇತಿಹಾಸದಲ್ಲಿ ಈ ಊರಿನ ಹೆಸರು ಎಷ್ಟು ದೊಡ್ಡದೆಂದು ಹೇಳುವವರು ಆ ಸಂಗೀತವನ್ನು ಕೇಳಿಸುತ್ತಿದ್ದ ಪೆಟ್ಟಿಗೆಗಳನ್ನು ಬದುಕಿಸಿಟ್ಟ ಮೆಕ್ಯಾನಿಕ್ಕುಗಳ ಮಾತೆತ್ತುವುದು ಅಪರೂಪ. ವಾಲ್ವ್ ರೇಡಿಯೊ ರಿಪೇರಿಯ ಮೊದಲ ಪಾಠವೇ ‘ತೆಗೆದು ಬೇರೆ ಹಾಕಿ ನೋಡು’ ಎನ್ನುವುದು. ವಾಲ್ವುಗಳು ಸಾಕೆಟ್ಟಿನಲ್ಲಿ ಕೂರುತ್ತಿದ್ದವು, ಕೈಯಿಂದಲೇ ಕೀಳಬಹುದಿತ್ತು, ಅವುಗಳಿಗೆ ಆಯುಷ್ಯವೂ ಕಡಿಮೆ. ಒಂದು ವಾಲ್ವ್ ಸತ್ತರೆ ಅದನ್ನು ಬದಲಿಸುವುದೇ ಸರಿಯಾದ ರಿಪೇರಿ. ಪಕ್ಕದ ನಾಲ್ಕನ್ನು ಬದಲಿಸಿದರೆ ಗಿರಾಕಿಗೆ ಮೋಸ. ಕಡಿಮೆ ಸಾಮಾನಿನಲ್ಲಿ ಕೆಲಸ ಮುಗಿಸುವವನೇ ಜಾಣ ಮೆಕ್ಯಾನಿಕ್ ಎಂಬ ಗೌರವ ಹುಟ್ಟಿದ್ದು ಹೀಗೆ, ಅದು ನ್ಯಾಯವಾದ ಗೌರವ. ಟ್ರಾನ್ಸಿಸ್ಟರು, ಟಿವಿ, ಮಿಕ್ಸಿ, ಗ್ರೈಂಡರು ಬಂದಂತೆಲ್ಲ ಅದೇ ಪದ್ಧತಿ ಮುಂದುವರಿಯಿತು, ಬಹುಮಟ್ಟಿಗೆ ಫಲವನ್ನೂ ಕೊಟ್ಟಿತು. ಮಿಕ್ಸಿಯ ಕಾರ್ಬನ್ ಬ್ರಶ್ ಸವೆದರೆ ಬ್ರಶ್ ಬದಲಿಸಿದರಾಯಿತು, ಸ್ವಿಚ್ಚಿಗೂ ಅದಕ್ಕೂ ಸಂಬಂಧವಿಲ್ಲ.

ಮೈಕ್ರೋವೇವ್ ಎಂಬುದು ಹಾಸನಕ್ಕೆ ಅಡುಗೆಮನೆಯ ಮೂಲಕ ಬಂದದ್ದಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬಹುದು. 1982ರಲ್ಲಿ ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳಲು ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ತಲೆಯೆತ್ತಿತು. ಆ ಮೊದಲ ಉಪಗ್ರಹಗಳ ಟಿವಿ ಪ್ರಸಾರದ ಎಸ್-ಬ್ಯಾಂಡ್ ಓವನ್ನಿನ 2.45 ಗಿಗಾಹರ್ಟ್ಸಿಗೆ ಬಹಳ ಹತ್ತಿರದ್ದು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಬಿಇಎಲ್, ಓವನ್ನಿನ ಹೃದಯವಾದ ಮ್ಯಾಗ್ನೆಟ್ರಾನಿನ ಜಾತಿಯ ಕೊಳವೆಗಳನ್ನು ರೇಡಾರಿಗಾಗಿ ತಯಾರಿಸುತ್ತಿತ್ತು. ಅಂದರೆ ಈ ವಿದ್ಯೆ ನಾಡಿನಲ್ಲಿ ಇರಲಿಲ್ಲವೆಂದಲ್ಲ, ಬೇಲಿಯ ಒಳಗಿತ್ತು. ಬೇಲಿಯ ಹೊರಗಿನ ಅಂಗಡಿಗೆ ಓವನ್ ಬಂದದ್ದು 1991ರ ಆರ್ಥಿಕ ಉದಾರೀಕರಣದ ನಂತರ, ಆ ದಶಕದ ಕೊನೆಯ ಭಾಗದಲ್ಲಿ ಕೊರಿಯಾದ ಕಂಪನಿಗಳು ಕಾಲೂರಿದ ಮೇಲೆ ಹೆಚ್ಚಾಗಿ. ಬಂದಾಗ ಅದನ್ನು ಬಿಚ್ಚಿದ ಕೈ ರೇಡಿಯೊ, ಟಿವಿಗಳಲ್ಲಿ ಪಳಗಿದ ಕೈ.

ಆದರೆ ಹಾಸನ ಜಿಲ್ಲೆಯಲ್ಲೇ ಇನ್ನೊಂದು ಪರಂಪರೆ ಇತ್ತು, ಅದು ರೈಲಿನದು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೂಲಕ ಅರಸೀಕೆರೆಗೆ ಮೀಟರ್ ಗೇಜ್ ಹಳಿ ಬಂತು. ಹಳಿ, ಸಿಗ್ನಲ್ಲು, ಗೇಟುಗಳನ್ನು ಒಂದಕ್ಕೊಂದು ಕಟ್ಟಿಹಾಕುವ ವಿದ್ಯೆ ರೈಲ್ವೆಯದು. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದರು. 1889ರಲ್ಲಿ ಐರ್ಲೆಂಡಿನ ಅರ್ಮಾ ಬಳಿ ಸುಮಾರು 80 ಜನ ಸತ್ತ ಅಪಘಾತವಾದ ಮೇಲೆ ಬ್ರಿಟನ್ನಿನ ಕಾನೂನು ಅದನ್ನು ಕಡ್ಡಾಯ ಮಾಡಿತು. ಇಂಟರ್‌ಲಾಕ್ ಆದ ಲೆವೆಲ್ ಕ್ರಾಸಿಂಗಿನಲ್ಲಿ ಗೇಟು ಮುಚ್ಚಿ ಬೀಗ ಬಿದ್ದ ಹೊರತು ಕೀಲಿ ಹೊರಬರುವುದಿಲ್ಲ, ಕೀಲಿ ಇಲ್ಲದೆ ಸಿಗ್ನಲ್ ಕೊಡಲಾಗುವುದಿಲ್ಲ, ಸಿಗ್ನಲ್ ಕೊಟ್ಟಿರುವಾಗ ಗೇಟು ತೆಗೆಯಲಾಗುವುದಿಲ್ಲ. ಓವನ್ನಿನ ಬಾಗಿಲಲ್ಲಿರುವುದು ಇದೇ ತರ್ಕ. ವ್ಯತ್ಯಾಸವಿರುವುದು ತರ್ಕ ಕೆಲಸಗಾರನಿಗೆ ತಲುಪಿದ ಬಗೆಯಲ್ಲಿ. ಗೇಟ್‌ಮನ್‌ಗೆ ಅವನಿಗೆ ತಿಳಿಯುವ ಭಾಷೆಯಲ್ಲಿ ನಿಯಮ ಕೊಟ್ಟು, ಓದಿಸಿ, ಪರೀಕ್ಷಿಸಿ ಕೂರಿಸುವುದು ರೈಲ್ವೆಯ ಪದ್ಧತಿ. ಸಿಗ್ನಲ್ ಸಿಬ್ಬಂದಿ ಒಂದು ತಂತಿ ಬಿಚ್ಚಬೇಕಾದರೂ ಸ್ಟೇಷನ್ ಮಾಸ್ತರರಿಗೆ ಲಿಖಿತವಾಗಿ ತಿಳಿಸಿ, ಕೆಲಸ ಮುಗಿದ ಮೇಲೆ ಇಡೀ ಸರದಿಯನ್ನು ಪರೀಕ್ಷಿಸಿ ಒಪ್ಪಿಸಬೇಕು. ಒಂದು ಭಾಗವನ್ನು ಮುಟ್ಟಿದರೆ ಇಡೀ ವ್ಯವಸ್ಥೆಯನ್ನು ಮುಟ್ಟಿದಂತೆ ಎಂಬ ತಿಳಿವಳಿಕೆ ಅಲ್ಲಿ ನಿಯಮದೊಳಗೇ ಇದೆ.

ರೈಲ್ವೆಯನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ನಿಯಮ ಬರಹದಲ್ಲಿದ್ದೂ ಕೈ ಅದನ್ನು ದಾಟಿದಾಗ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಅಲ್ಲೇ ಇದೆ, ಹಾಸನಕ್ಕೆ ದೂರವೂ ಅಲ್ಲ. 2023ರ ಫೆಬ್ರುವರಿ 8ರಂದು ಮೈಸೂರು ವಿಭಾಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ತಪ್ಪು ಹಳಿಗೆ ಹೋಗುವುದರಲ್ಲಿತ್ತು. ಚಾಲಕ ಗಮನಿಸಿ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಪತ್ರ ಬರೆದು, ಸಿಗ್ನಲ್ ನಿರ್ವಹಣೆಯ ಪದ್ಧತಿಯನ್ನು ಕೂಡಲೇ ಸರಿಪಡಿಸದಿದ್ದರೆ ಗಂಭೀರ ಅಪಘಾತಗಳಾಗಬಹುದೆಂದು ಎಚ್ಚರಿಸಿದರು. ನಾಲ್ಕು ತಿಂಗಳೂ ಕಳೆದಿರಲಿಲ್ಲ, ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿಯ ರೈಲು ಅಪಘಾತದಲ್ಲಿ 290ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಬೊಟ್ಟು ಮಾಡಿದ್ದು ಹಿಂದೆ ಮಾಡಿದ್ದ ತಂತಿ ಬದಲಾವಣೆಯ ಲೋಪದತ್ತ, ಮತ್ತು 94ನೇ ಲೆವೆಲ್ ಕ್ರಾಸಿಂಗಿನ ಗೇಟು ಬದಲಿಸುವ ಕೆಲಸದಲ್ಲಾದ ಲೋಪದತ್ತ. ಅಡುಗೆಮನೆಯ ಪೆಟ್ಟಿಗೆಗೂ ಅಷ್ಟು ದೊಡ್ಡ ದುರಂತಕ್ಕೂ ತೂಕದಲ್ಲಿ ಹೋಲಿಕೆಯಿಲ್ಲ. ದೋಷದ ಜಾತಿ ಮಾತ್ರ ಒಂದೇ: ಒಂದು ಭಾಗವನ್ನು ಸರಿಮಾಡುವಾಗ, ಆ ಭಾಗ ಇನ್ನೊಂದಕ್ಕೆ ಕೊಡುತ್ತಿದ್ದ ಮಾತನ್ನು ಮರೆಯುವುದು.

ಇನ್ನು ಆಕ್ಷೇಪಗಳು. ‘ಇಷ್ಟೆಲ್ಲ ಇತಿಹಾಸ ಯಾಕೆ, ಮಾರುಕಟ್ಟೆಯ ಸ್ವಿಚ್ಚು ನಿಜಕ್ಕೂ ಕಳಪೆ’ ಎಂಬುದು ಮೊದಲನೆಯದು. ಕಳಪೆ ಸ್ವಿಚ್ಚುಗಳಿವೆ, ಮೈಮೇಲೆ 16 ಆಂಪಿಯರ್, 250 ವೋಲ್ಟ್ ಎಂದು ಬರೆದಿದ್ದರೂ ಒಳಗಿನ ಬಿಂದು ತೆಳುವಾಗಿರುವುದುಂಟು. ನೋಡಲು ಒಂದೇ ತೆರನಾದ ಎರಡು ಸ್ವಿಚ್ಚುಗಳಲ್ಲಿ ಒಂದು ಒತ್ತಿದಾಗ ಕೂಡುವಂಥದ್ದು, ಇನ್ನೊಂದು ಒತ್ತಿದಾಗ ಬಿಡುವಂಥದ್ದು ಆಗಿರುವುದೂ ಉಂಟು. ಅದಲುಬದಲಾದರೆ ಮೊದಲ ಸಲಕ್ಕೇ ಫ್ಯೂಸ್ ಹೋಗುತ್ತದೆ. ಆದರೆ ಬರೀ ಕಳಪೆತನವೇ ಕಾರಣವಾಗಿದ್ದರೆ ಒಳ್ಳೆಯ ಸ್ವಿಚ್ಚು ಹಾಕಿದಲ್ಲಿಗೆ ಕಾಟ ನಿಲ್ಲಬೇಕಿತ್ತು. ಜೋತ ಬಾಗಿಲಿನ ಓವನ್ನಿನಲ್ಲಿ ಅದು ನಿಲ್ಲುವುದಿಲ್ಲ. ತಂತಿಯ ತುದಿಯ ಸಡಿಲವಾದ ಲಗ್ ಬಿಸಿಯಾಗಿ ಸ್ವಿಚ್ಚಿನ ಪ್ಲಾಸ್ಟಿಕ್ಕನ್ನೇ ಕರಗಿಸುವ ಕಡೆಯೂ ನಿಲ್ಲುವುದಿಲ್ಲ. ಅಲ್ಲಿ ಸ್ವಿಚ್ಚಿನಷ್ಟೇ ತಂತಿಯ ತುದಿಯನ್ನೂ ಬದಲಿಸಬೇಕು.

ಎರಡನೆಯ ಆಕ್ಷೇಪ ಬಳಸುವವರ ಮೇಲೆ: ನಿಲ್ಲಿಸದೆ ಬಾಗಿಲೆಳೆಯುತ್ತಾರೆ, ಧಡಾರನೆ ಮುಚ್ಚುತ್ತಾರೆ. ಇದರಲ್ಲಿ ಸತ್ಯ ಹೆಚ್ಚಿದೆ. ಓವನ್ ಓಡುತ್ತಿರುವಾಗ ಬಾಗಿಲು ತೆಗೆದರೆ ಮೊದಲನೆಯ ಸ್ವಿಚ್ಚು ಪೂರ್ತಿ ಕರೆಂಟನ್ನು ಕಡಿಯಬೇಕಾಗುತ್ತದೆ, ಪ್ರತಿ ಸಲವೂ ಬಿಂದುಗಳ ನಡುವೆ ಕಿಡಿ ಹಾರುತ್ತದೆ. ತಿರುವುವ ಟೈಮರಿನ ಅಗ್ಗದ ಓವನ್ನುಗಳಲ್ಲಿ ಇನ್ನೂ ಕಷ್ಟ. ಟೈಮರು ಓಡುತ್ತಿರುವಾಗ ಬಾಗಿಲು ತೆಗೆದು ಸಾರು ಕಲಕಿ ಮುಚ್ಚಿದರೆ, ಟ್ರಾನ್ಸ್‌ಫಾರ್ಮರಿನ ಮೊದಲ ಕ್ಷಣದ ಭಾರೀ ಕರೆಂಟು ನೇರವಾಗಿ ಆ ಸ್ವಿಚ್ಚಿನ ಮೇಲೆ ಬೀಳುತ್ತದೆ. ಬಟನ್ ಒತ್ತುವ ಮಾದರಿಗಳಲ್ಲಿ ಆ ಹೊಡೆತ ತಿನ್ನುವುದು ರಿಲೇ. ಹೀಗಾಗಿ ಒಂದೇ ಸ್ವಿಚ್ಚು ಎರಡು ಬಗೆಯ ಓವನ್ನಿನಲ್ಲಿ ಎರಡು ಆಯುಷ್ಯ ಬಾಳುತ್ತದೆ. ಟೈಮರನ್ನು ಸೊನ್ನೆಗೆ ತಂದು ಬಾಗಿಲು ತೆಗೆಯಿರಿ ಎಂದು ಗಿರಾಕಿಗೆ ಹೇಳುವುದೂ ರಿಪೇರಿಯ ಭಾಗವೇ. ಬಳಸುವವರ ತಪ್ಪು ನನ್ನ ವಾದವನ್ನು ಕೆಡಿಸುವುದಿಲ್ಲ; ಆ ಮಾತೂ ಕೈಪಿಡಿಯ ಜೊತೆ ಬರಬೇಕಾಗಿದ್ದದ್ದೇ.

ಮೂರನೆಯದು ಅಪಾಯದ ಆಕ್ಷೇಪ, ಅಂಗಡಿಯ ಹಿಂಬದಿಯಲ್ಲಿ ಮೆಲ್ಲಗೆ ಆಡುವಂಥದ್ದು: ಫ್ಯೂಸ್ ಸುಡುವುದು ಮಾನಿಟರ್ ಸ್ವಿಚ್ಚು ತಾನೆ, ಅದರ ತಂತಿಯನ್ನೇ ಕಿತ್ತುಬಿಟ್ಟರೆ ಆಯಿತಲ್ಲ? ಕಿತ್ತರೆ ಓವನ್ ನಡೆಯುತ್ತದೆ, ಗಿರಾಕಿ ಮರಳಿ ಬರುವುದಿಲ್ಲ. ಆದರೆ ಮೊದಲನೆಯ ಸ್ವಿಚ್ಚು ಅಂಟಿಕೊಂಡಿದ್ದರೆ ಆಮೇಲೆ ತೆರೆದ ಬಾಗಿಲಿಗೂ ಓಡುವ ಮ್ಯಾಗ್ನೆಟ್ರಾನಿಗೂ ನಡುವೆ ಉಳಿಯುವುದು ಎರಡನೆಯದೊಂದೇ. ಅದೂ ಕೈಕೊಟ್ಟ ದಿನ ಎಚ್ಚರಿಸುವವರಿಲ್ಲ. ಈ ಅಲೆಗಳು ಎಕ್ಸ್-ರೇಯಂತೆ ಜೀವಕೋಶದ ಕಣಗಳನ್ನು ಒಡೆಯುವಂಥವಲ್ಲ. ಅವುಗಳ ಹಾನಿ ಕಾವಿನದು, ರಕ್ತ ಹರಿದು ತಂಪಾಗಲಾರದ ಕಣ್ಣಿನ ಮಸೂರಕ್ಕೆ ವಿಶೇಷವಾಗಿ. ರಿಪೇರಿ ಮಾಡುವವನಿಗೆ ಇದಕ್ಕಿಂತ ಹತ್ತಿರದ ಅಪಾಯ ಒಳಗಿನ ಕೆಪಾಸಿಟರು: ಪ್ಲಗ್ ಕಿತ್ತ ಮೇಲೂ 2,000 ವೋಲ್ಟಿಗೂ ಮೀರಿದ ಒತ್ತಡವನ್ನು ಅದು ಹಿಡಿದಿಟ್ಟುಕೊಂಡಿರಬಹುದು. ಅದನ್ನು ಖಾಲಿಮಾಡುವ ಕ್ರಮ ಗೊತ್ತಿಲ್ಲದವರು ಮೇಲ್ಮುಚ್ಚಳವನ್ನೇ ಬಿಚ್ಚಬಾರದು.

ಕೊನೆಯ ಆಕ್ಷೇಪ ನ್ಯಾಯದ್ದು. ತಾಲ್ಲೂಕು ಪಟ್ಟಣದ ಮೆಕ್ಯಾನಿಕ್ ದಿನವೂ ನೋಡುವುದು ಮಿಕ್ಸಿ, ಯುಪಿಎಸ್, ಫ್ಯಾನು. ಓವನ್ ಬರುವುದು ಎಂದೋ ಒಮ್ಮೆ. ಅವನಿಗೆ ಗೊತ್ತಿಲ್ಲವೆಂದು ಹೇಳುವುದು ಸುಲಭ. ನಿಜ, ನನ್ನ ವಾದದ ತಿರುಳೂ ಅದೇ. ದಿನವೂ ಕಾಣುವ ದೋಷವನ್ನು ಅನುಭವ ಕಲಿಸುತ್ತದೆ, ಅಪರೂಪಕ್ಕೆ ಕಾಣುವುದನ್ನು ಬರಹವೇ ಕಲಿಸಬೇಕು. ಅಮೆರಿಕದ ಆ ನಿಯಮ ಇಂಟರ್‌ಲಾಕಿನ ಷರತ್ತಿನ ಜೊತೆಯಲ್ಲೇ, ರಿಪೇರಿ ಮಾಡುವವರಿಗೆ ಸಾಕಷ್ಟು ಸೂಚನೆಗಳನ್ನು ತಯಾರಕರು ಒದಗಿಸಬೇಕೆಂದೂ, ಬೇರೆಯವರು ಕೇಳಿದರೆ ಖರ್ಚಿನ ಬೆಲೆಗೆ ಕೊಡಬೇಕೆಂದೂ ಹೇಳಿತ್ತು. ಲೋಹದಲ್ಲಿ ಮಾಡಿದ ಅರ್ಧ ನಿಯಮ ಪ್ರತಿ ಓವನ್ನಿನ ಜೊತೆಗೂ ಹೊಳೆನರಸೀಪುರದವರೆಗೆ ಬಂತು. ಕಾಗದದಲ್ಲಿದ್ದ ಅರ್ಧ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನ ಕಪಾಟಿನಲ್ಲಿ ಇಂಗ್ಲಿಷಿನಲ್ಲೇ ಉಳಿಯಿತು. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಆ ವರ್ಷದ ಡಿಸೆಂಬರಿನಲ್ಲಿ ಕಂಪನಿಗಳ ಕೈಪಿಡಿಗಳಿಗಾಗಿ ಒಂದು ಜಾಲತಾಣವನ್ನೂ ತೆರೆಯಿತು. ಬಾಗಿಲ ಸ್ವಿಚ್ಚಿನ ಮಟ್ಟಿಗೆ ಅಲ್ಲಿ ಬೇಕಾದದ್ದು ಕನ್ನಡದ ಒಂದು ಪುಟ: ಮೂರು ಸ್ವಿಚ್ಚುಗಳು ಕೂಡುವ, ಬಿಡುವ ಸರದಿ, ಯಾವುದು ಒತ್ತಿದಾಗ ಕೂಡುವಂಥದ್ದು, ಯಾವುದು ಬಿಡುವಂಥದ್ದು, ಫ್ಯೂಸ್ ಸುಟ್ಟಿದ್ದರೆ ಯಾವ ಯಾವುದನ್ನು ಒಟ್ಟಿಗೆ ಬದಲಿಸಬೇಕು, ಕೊಕ್ಕೆಗೂ ಸ್ವಿಚ್ಚಿಗೂ ನಡುವೆ ಎಷ್ಟು ಸಡಿಲ ಇರಬಹುದು, ಕೆಪಾಸಿಟರನ್ನು ಖಾಲಿಮಾಡುವ ಕ್ರಮ, ಕೆಲಸ ಮುಗಿದ ಮೇಲೆ ಬಾಗಿಲಂಚಿನಿಂದ 5 ಸೆಂಟಿಮೀಟರು ದೂರದಲ್ಲಿ ಸೋರಿಕೆ ಅಳೆಯುವ ಬಗೆ. ಸೋರಿಕೆ ಅಳೆಯುವ ಮೀಟರು ಪ್ರತಿ ಅಂಗಡಿಗೂ ದುಬಾರಿಯೇ ಸರಿ. ಜಿಲ್ಲೆಗೊಂದರಂತೆ ಐಟಿಐಯಲ್ಲಿಟ್ಟು, ರಿಪೇರಿಯಾದ ಓವನ್ನನ್ನು ಸಣ್ಣ ಶುಲ್ಕಕ್ಕೆ ಪರೀಕ್ಷಿಸಿಕೊಡುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.